ಹೊಳೆ ಬರುವ ಮೊದಲು ಟ್ರಂಕು ತೆರೆಯಿರಿ

2019ರ ಆಗಸ್ಟ್. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ಎರಡೂ ದಂಡೆ ಮುಳುಗಿಸಿ, ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿ, ಕೊನೆಗೊಮ್ಮೆ ಇಳಿಯಿತು. ಇಳಿದ ಮರುದಿನ ನಾನೂ ಪಕ್ಕದ ಮನೆಯ ಹುಡುಗನೂ ಹೆಗಲು ಕೊಟ್ಟು ಚಿಗವ್ವನ ಮನೆಯ ಬಾಗಿಲು ದೂಡಿದೆವು. ಒಳಗೆ ಮೊಣಕಾಲಮಟ ರಾಡಿ. ನೆನೆದ ಜೋಳದ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಾಕಾನ ಟ್ರಂಕು ಮಾತ್ರ ನಡುಮನೆಯ ಮೂಲೆಯಲ್ಲಿ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ. ಕೊಂಡಿಯ ಸಂದಿಗೆ ರಾಡಿ ತುಂಬಿ ಬಿಗಿದುಕೊಂಡಿತ್ತು. ಕುಡಗೋಲಿನ ಹಿಡಿಯಿಂದ ಬಡಿದು ತೆಗೆದೆವು.

ಮೇಲೆ ಚಿಗವ್ವನ ಮದುವೆಯ ಇಳಕಲ್ಲ ಸೀರೆ. ಅದರ ಕೆಳಗೆ ಬಟ್ಟೆಯ ಚೀಲ, ಚೀಲದೊಳಗೆ ಆ ಮನೆಯ ನಲವತ್ತು ವರ್ಷದ ಕಾಗದಪತ್ರ. ಸೀರೆಯ ಸೆರಗಿನ ಕೆಂಪು ನೀರಿನಲ್ಲಿ ಬಿಟ್ಟು ಚೀಲದೊಳಕ್ಕೆ ಇಳಿದಿತ್ತು. ಹಾಲಿನಲ್ಲಿ ನೆನೆದ ಹೋಳಿಗೆಯ ಹಾಗೆ ಹಾಳೆಗಳು ಒಂದಕ್ಕೊಂದು ಅಂಟಿ ಕೆಂಪು ಮುದ್ದೆಯಾಗಿದ್ದವು. ಪರಿಹಾರ ಕೇಂದ್ರ ಮಾಡಿದ್ದ ಶಾಲೆಯ ಪಡಸಾಲೆಗೆ ಒಯ್ದು, ಉಗುರಿನಿಂದ ಒಂದೊಂದನ್ನೇ ಬಿಡಿಸಿ, ಹಾರದಂತೆ ಹರಳು ಇಟ್ಟು ಒಣಹಾಕಿದೆ. ಜೆರಾಕ್ಸ್ ಪ್ರತಿಗಳ ಕರಿ ಅಕ್ಷರ ಹಾಗೇ ಉಳಿದಿತ್ತು. ಸೈಬರ್ ಸೆಂಟರಿನಲ್ಲಿ ಬಣ್ಣದ ಪ್ರಿಂಟರಿನಿಂದ ತೆಗೆಸಿದ್ದು ಅಳಿಸಿತ್ತು. ಕಾಕಾ ಮಸಿಪೆನ್ನಿನಲ್ಲಿ ಬರೆದಿಟ್ಟಿದ್ದೆಲ್ಲ ತಿಳಿನೀಲಿ ಕಲೆಯಾಗಿ ಹರಡಿತ್ತು. ಆ ಕಲೆಗಳಲ್ಲೊಂದು ಅಣ್ಣತಮ್ಮಂದಿರು ಬೇರೆಯಾದಾಗ ಛಾಪಾ ಕಾಗದದ ಮೇಲೆ ಬರೆದುಕೊಂಡ ವಾಟ್ನಿ ಪತ್ರ. ಅದನ್ನು ನೋಂದಣಿ ಮಾಡಿಸಿರಲಿಲ್ಲ. ಜಗತ್ತಿನ ಬೇರೆ ಯಾವ ಕಚೇರಿಯಲ್ಲೂ ಅದರ ಇನ್ನೊಂದು ಪ್ರತಿ ಇರಲಿಲ್ಲ.

ಎರಡು ದಿನಕ್ಕೆ ತಲಾಟಿಯವರು, ಅಂದರೆ ಊರಿನ ಗ್ರಾಮ ಲೆಕ್ಕಿಗರು, ಪಟ್ಟಿ ಹಿಡಿದುಕೊಂಡು ಬಂದರು. ಒಳ್ಳೆಯ ಮನುಷ್ಯ. ಮೂರು ರಾತ್ರಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

“ಅವ್ವಾರ, ಮನಿ ಉತಾರ ಯಾರ ಹೆಸರಿಲೆ ಐತ್ರಿ?”

“ಅದನ್ನೆಲ್ಲಾ ಅವರ ನೋಡ್ತಿದ್ರು ನೋಡ್ರಿ ಸಾಹೇಬ್ರ. ನನಗೇನ ಗೊತ್ತು?”

‘ಅವರು’ ಅಂದರೆ ನನ್ನ ಕಾಕಾ. ತೀರಿಕೊಂಡು ಆಗಲೇ ಹದಿನಾಲ್ಕು ತಿಂಗಳಾಗಿತ್ತು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮೂವತ್ತೆಂಟು ವರ್ಷ ಆ ಮನೆ ಸಾರಿಸಿದವಳು, ಗ್ವಾದಲಿಯ ಸೆಗಣಿ ಬಾಚಿದವಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು ಮದುವೆ ಮಾಡಿ ಕಳಿಸಿದವಳು ತನ್ನ ಮನೆ ತನ್ನದೆಂದು ಹೇಳಲು ಬಾಯಿಲ್ಲದೆ ಶಾಲೆಯ ಪಡಸಾಲೆಯಲ್ಲಿ ನಿಂತಿದ್ದಳು. ಪಕ್ಕದಲ್ಲೇ ನಾನಿದ್ದೆ. ಎರಡು ಡಿಗ್ರಿ ಮಾಡಿದವನು, ಕಾಲೇಜಿನಲ್ಲಿ ಪಾಠ ಹೇಳುವವನು. ವರ್ಷಕ್ಕೆ ನಾಲ್ಕು ಸಲ ಆ ಮನೆಗೆ ಹೋಗಿ, ಆ ಟ್ರಂಕಿನ ಮೇಲೇ ಕುಳಿತು ಚಹಾ ಕುಡಿದವನು. ಕಾಕಾನ ದಿನಕರ್ಮಕ್ಕೂ ಹೋಗಿ ಉಂಡು ಬಂದಿದ್ದೆ. “ಚಿಗವ್ವಾ, ಕಾಗದಪತ್ರ ಎಲ್ಲಿ ಅದಾವು, ಒಮ್ಮೆ ತೋರಸು” ಅನ್ನುವ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಸತ್ತ ಮನೆಯಲ್ಲಿ ಆಸ್ತಿಯ ಮಾತು ಎತ್ತಬಾರದೆಂಬ ಸಂಕೋಚ. ಆ ಸಂಕೋಚದ ಸಾಲವನ್ನು ತೀರಿಸಿದವಳು ಚಿಗವ್ವ.

ಹೇಗೆ ತೀರಿಸಿದಳೆಂದು ಹೇಳುತ್ತೇನೆ. ಆ ವರ್ಷ ನೆರೆಗೆ ಸಿಕ್ಕ ಮನೆಗಳಿಗೆ ಸರ್ಕಾರ ಮೊದಲು 10,000 ರೂಪಾಯಿಯ ತುರ್ತು ಪರಿಹಾರ ಕೊಟ್ಟಿತು. ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷ ಘೋಷಿಸಿತು. ಚಿಗವ್ವನ ಮನೆಯ ಹಿಂದಿನ ಗೋಡೆ, ಅಡಿಗೆಮನೆ, ಗ್ವಾದಲಿ ಮೂರೂ ಕೂತಿದ್ದವು. ಆದರೆ ಮನೆಯ ಉತಾರ, ಅಂದರೆ ಮನೆ ಯಾರದೆಂದು ತೋರಿಸುವ ದಾಖಲೆ, ಇನ್ನೂ ಅವಳ ಮಾವನ ಹೆಸರಿನಲ್ಲಿತ್ತು. ಕಾಕಾ ಹೋದ ಮೇಲೆ ವಾರಸಾ ಹಚ್ಚಿರಲಿಲ್ಲ. ದಕ್ಷಿಣದ ಕಡೆ ಪೌತಿ ಖಾತೆ ಅನ್ನುತ್ತಾರಲ್ಲ, ಅದು. ಮನೆಯ ಈ ಭಾಗ ನಮಗೆ ಬಂದದ್ದು ಎಂದು ತೋರಿಸಲು ಇದ್ದ ಒಂದೇ ಕಾಗದ, ವಾಟ್ನಿ ಪತ್ರ, ನೀಲಿ ಕಲೆಯಾಗಿತ್ತು. ಹಾಗಾಗಿ ಭಾವನ ಮಕ್ಕಳ ಒಪ್ಪಿಗೆ ಬೇಕಾಯಿತು. ಅವರಲ್ಲೊಬ್ಬ ದುಡಿಯಲು ಗೋವಾಕ್ಕೆ ಹೋಗಿದ್ದ. ಇನ್ನೊಬ್ಬ ‘ನೋಡೋಣು’ ಅಂದ. ಕೆಟ್ಟವನೇನಲ್ಲ. ಆದರೆ ಅಷ್ಟು ದುಡ್ಡಿನ ಸುದ್ದಿ ಬಂದಾಗ ಎಂಥವನ ಮನಸ್ಸೂ ಒಂದು ಗಳಿಗೆ ತೂಗುತ್ತದೆ. ಒಂದು ಸಹಿಗಾಗಿ ಆ ಹೆಂಗಸು ಎಂಟು ತಿಂಗಳು ಬೇರೆಯವರ ಹೊಸ್ತಿಲಲ್ಲಿ ಕೂತಳು. ಚಳಿಗಾಲವಿಡೀ ತಗಡಿನ ಶೆಡ್ಡಿನಲ್ಲಿ ಮಲಗಿದಳು.

ಅವಳ ಮನೆ ಕೆಡವಿದ್ದು ಹೊಳೆ. ಆದರೆ ಆ ಎಂಟು ತಿಂಗಳನ್ನು ಅವಳ ಮೇಲೆ ಹೊರಿಸಿದವರು ಓದುಬರಹ ಬಲ್ಲ ನಾವು. ಈ ಬರಹದ ಉದ್ದಕ್ಕೂ ನಾನು ಹೇಳುವುದು ಇದೊಂದನ್ನೇ.

ಮನುಷ್ಯ ಎದುರಿಗೆ ಉಸಿರಾಡುತ್ತ ನಿಂತಿದ್ದರೂ ಕಾಗದ ತಾ ಎನ್ನುವ ಕಾಲದಲ್ಲಿ ನಾವಿದ್ದೇವೆ. ಅಕ್ಕಿಗೆ ಕಾಗದ, ಆಸ್ಪತ್ರೆಗೆ ಕಾಗದ, ಮಗುವನ್ನು ಶಾಲೆಗೆ ಸೇರಿಸಲು ಕಾಗದ, ಸತ್ತದ್ದಕ್ಕೂ ಕಾಗದ. ಇದು ಸರಿಯೋ ತಪ್ಪೋ ಎಂಬ ವಾದ ಬೇರೆ. ಹೀಗಿರುವಾಗ ಒಂದು ಮನೆಯ ಕಾಗದವನ್ನೆಲ್ಲ ಒಂದೇ ಟ್ರಂಕಿನಲ್ಲಿಟ್ಟು, ಆ ಟ್ರಂಕಿನ ಗುಟ್ಟನ್ನು ಒಬ್ಬ ಗಂಡಸಿನ ತಲೆಯಲ್ಲಿಟ್ಟು ನಿಶ್ಚಿಂತೆಯಿಂದ ಕೂರುವುದು ಆ ಮನೆಯ ಹೆಂಗಸಿಗೆ, ಮಕ್ಕಳಿಗೆ ನಾವು ಮಾಡುವ ಅನ್ಯಾಯ.

ಕಾನೂನು ಏನು ಹೇಳುತ್ತದೆ ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದೂ ಹೀಗೆ ಯಜಮಾನಿ ಎಂದು ಬರೆದವಳ ಹೆಸರಿಗೇ. ಸರ್ಕಾರದ ಪುಸ್ತಕದಲ್ಲಿ ಅವಳು ಯಜಮಾನಿ. ಮನೆಯಲ್ಲಿ? ಕಪಾಟಿನ ಕೀಲಿ ಗಂಡನ ಉಡದಾರದಲ್ಲಿ. ಪಾಸ್‌ಬುಕ್ಕು ಅವನ ಅಂಗಿಯ ಕಿಸೆಯಲ್ಲಿ. ಎಟಿಎಂ ಕಾರ್ಡಿನ ನಂಬರು ಮಗನ ಬಾಯಲ್ಲಿ. ಹೊಲದ ಸರ್ವೆ ನಂಬರು ಎಷ್ಟೆಂದು ಕೇಳಿದರೆ ನಗುತ್ತಾಳೆ. ಆ ನಗು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಇದು ಬರೀ ಹಳ್ಳಿಯ ಕಥೆಯೆಂದು ತಿಳಿಯಬೇಡಿ. 2021ರ ಕೊರೊನಾ ಬೇಸಿಗೆಯಲ್ಲಿ ನಾನಿರುವ ಬಡಾವಣೆಯಲ್ಲೇ ಪದವಿ ಓದಿದ ಹೆಣ್ಣುಮಗಳೊಬ್ಬಳು ಮೂವತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡಳು. ಕೊರೊನಾದಿಂದ ಸತ್ತವರ ಮನೆಯವರಿಗೆ 50,000 ರೂಪಾಯಿ, ದುಡಿಯುವವನನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ 1 ಲಕ್ಷ ಎಂದು ಆಮೇಲೆ ತೀರ್ಮಾನವಾಯಿತು. ಅದಕ್ಕೆ ಬೇಕಾದ ಪಾಸಿಟಿವ್ ವರದಿ ಬಂದದ್ದು ಗಂಡನ ಮೊಬೈಲಿಗೆ. ಮೊಬೈಲಿಗೆ ಲಾಕು. ಲಾಕಿನ ಸಂಖ್ಯೆ ಅವನೊಂದಿಗೇ ಹೋಗಿತ್ತು. ಮಗನ ಹುಟ್ಟಿದ ದಿನ, ಮದುವೆಯ ದಿನ, ಗಾಡಿಯ ನಂಬರು, ಒಂದೊಂದೇ ಒತ್ತಿ ನೋಡುತ್ತ ಆಕೆ ಮೆಟ್ಟಿಲ ಮೇಲೆ ಕೂತಿದ್ದಳು. ಗಂಡನ ಹೆಸರಿನಲ್ಲಿ ಎಷ್ಟು ಬ್ಯಾಂಕಿನಲ್ಲಿ ಖಾತೆಗಳಿವೆ, ಯಾವ ವಿಮೆ ಇದೆ, ಯಾರ ಬಳಿ ಕೈಗಡ ಇದೆ, ಯಾವುದೂ ಆಕೆಗೆ ಗೊತ್ತಿರಲಿಲ್ಲ. ಸಾಲ ಕೊಟ್ಟವರು ಒಂದೇ ವಾರದಲ್ಲಿ ಬಂದರು. ಸಾಲ ತೆಗೆದುಕೊಂಡವರು ಬರಲಿಲ್ಲ.

ಪ್ರೀತಿಯಿಂದಲೇ ಇದನ್ನೆಲ್ಲ ಮುಚ್ಚಿಡುತ್ತೇವೆ, ಒಪ್ಪುತ್ತೇನೆ. ‘ಅವಳಿಗ್ಯಾಕೆ ಈ ತಲೆನೋವು’ ಅನ್ನುತ್ತೇವೆ. ಆದರೆ ತಲೆನೋವು ಅವಳಿಗೆ ತಪ್ಪುವುದಿಲ್ಲ. ಅತ್ಯಂತ ಕೆಟ್ಟ ದಿನವೇ, ಪೂರ್ತಿ ಒಂದೇ ಕಂತಿನಲ್ಲಿ ಅವಳ ತಲೆಗೆ ಬೀಳುತ್ತದೆ.

ನಿಮ್ಮ ಮನೆಯ ಪಾಸ್‌ಬುಕ್ಕನ್ನು ಇವತ್ತೇ ತೆರೆದು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ, ಇಲ್ಲವೇ 20 ರೂಪಾಯಿ ಕಡಿತವಾದ ಸಾಲು ಇರಬಹುದು. ಮೊದಲನೆಯದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ಅಪಘಾತ ವಿಮೆ. ಎರಡರದ್ದೂ ಮೊತ್ತ 2 ಲಕ್ಷ. ಬ್ಯಾಂಕಿನಲ್ಲಿ ಯಾರೋ ಸಹಿ ಹಾಕಿಸಿಕೊಂಡದ್ದು ಮರೆತುಹೋಗಿರುತ್ತದೆ, ಕಂತು ಮಾತ್ರ ತಪ್ಪದೆ ಹೋಗುತ್ತಿರುತ್ತದೆ. ಮನೆಯವರಿಗೆ ಆ ಒಂದು ಸಾಲಿನ ಅರ್ಥ ಗೊತ್ತಿಲ್ಲದಿದ್ದರೆ ಕೇಳುವವರೇ ಇಲ್ಲ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಬೀಳುತ್ತದೆ. ಅದನ್ನು ಹುಡುಕಲೆಂದೇ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ಮಾಡಬೇಕಾಗಿ ಬಂತು. ವಾರಸುದಾರರು ಬದುಕಿದ್ದೂ ಗೊತ್ತಿಲ್ಲದೆ ಹೋದ ಹಣ ಎಷ್ಟೋ ಅದರಲ್ಲಿದೆ.

ಹಾಗಾದರೆ ಏನನ್ನು ಕೂಡಿಡಬೇಕು? ಎಲ್ಲ ಕಾಗದವೂ ಒಂದೇ ತೂಕದ್ದಲ್ಲ, ಇದು ನನಗೆ ಆ ಪಡಸಾಲೆಯಲ್ಲಿ ತಿಳಿಯಿತು. ಆಧಾರ್ ಹೋದರೆ ಮತ್ತೆ ತೆಗೆಯಬಹುದು. ಪಹಣಿ 2000ದ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲೆ ಕಂಪ್ಯೂಟರಿನಲ್ಲಿದೆ, ನಾಡಕಚೇರಿಯಲ್ಲಿ ಸಿಗುತ್ತದೆ. ನೋಂದಣಿಯಾದ ಖರೀದಿ ಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಎರಡನೆಯ ಪ್ರತಿಯನ್ನು ಓದಿದ ಶಾಲೆಯ ಮೂಲಕ ಮಂಡಳಿಯಿಂದ ತರಿಸಬಹುದು. ಅಲೆದಾಟವಿದೆ, ಖರ್ಚಿದೆ, ಆದರೂ ದಾರಿಯಿದೆ. ಇವುಗಳ ಸಂಖ್ಯೆಗಳು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಬಾಲ್ ಪೆನ್ನಿನಲ್ಲಿ, ಮಸಿಪೆನ್ನಿನಲ್ಲಲ್ಲ, ರೇಷನ್ ಕಾರ್ಡಿನ ಸಂಖ್ಯೆ, ಸರ್ವೆ ನಂಬರು, ಖಾತೆ ನಂಬರು, ವಿಮೆಯ ಪಾಲಿಸಿ ನಂಬರು, ಪಿಂಚಣಿ ಆದೇಶದ ಸಂಖ್ಯೆ, ಖರೀದಿ ಪತ್ರದ ನೋಂದಣಿ ಸಂಖ್ಯೆ ಮತ್ತು ವರ್ಷ, ಯಾವ ಖಾತೆಗೆ ಯಾರು ನಾಮಿನಿ, ಎಲ್ಲ ಬರೆಯಿರಿ. ಎಟಿಎಂನ ಗುಪ್ತಸಂಖ್ಯೆ ಮಾತ್ರ ಅದರಲ್ಲಿ ಬೇಡ. ನಾಮಿನಿ ಹೆಸರು ಇಲ್ಲದಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಬರೆಸಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿಗಳನ್ನು ಹಾಕಬಹುದು. ತೀರಿಹೋದ ಅಪ್ಪನೋ ಅವ್ವನೋ ಇನ್ನೂ ನಾಮಿನಿಯಾಗಿ ಉಳಿದಿರುವ ಖಾತೆಗಳು ನಮ್ಮೆಲ್ಲರ ಮನೆಯಲ್ಲೂ ಇವೆ.

ನಿಜವಾಗಿ ಕಾಪಾಡಬೇಕಾದದ್ದು ಇನ್ನೊಂದು ಜಾತಿಯ ಕಾಗದ. ವಾಟ್ನಿ ಪತ್ರ, ಮೃತ್ಯುಪತ್ರ, ಸಾಗುವಳಿ ಚೀಟಿ, ಆಶ್ರಯ ಮನೆಯ ಹಕ್ಕುಪತ್ರ, ಗೇಣಿದಾರರಿಗೆ ಭೂನ್ಯಾಯ ಮಂಡಳಿ ಕೊಟ್ಟ ಆದೇಶ, ತಾತನ ಕಾಲದ ಕಂದಾಯ ರಸೀದಿ, ಸೊಸೈಟಿಯ ಸಾಲ ತೀರಿತೆಂಬ ಚೀಟಿ. ಮಲೆನಾಡಿನಲ್ಲಿ, ಉತ್ತರ ಕನ್ನಡದಲ್ಲಿ ಕಾಡಂಚಿನ ಜನರನ್ನು ಕೇಳಿ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವೆಂದು ತೋರಿಸಬೇಕು. ಅಂಥವರ ಮನೆಯಲ್ಲಿ ಗೆದ್ದಲು ತಿಂದ ಒಂದು ದಂಡದ ರಸೀದಿ ಬಂಗಾರಕ್ಕಿಂತ ಹೆಚ್ಚು. ಅದು ಇರುವುದೆಲ್ಲಿ? ಮಾಡಿನ ಹಂಚಿನ ಸಂದಿಯಲ್ಲಿ ಸಿಕ್ಕಿಸಿದ ಕ್ಯಾರಿಬ್ಯಾಗಿನಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂತು. ಗುಡ್ಡ ಬರುವಾಗ ಹಂಚಿನ ಸಂದಿಗೆ ಕೈ ಹಾಕಲು ಯಾರಿಗೆ ಸಮಯವಿರುತ್ತದೆ?

ಕಾಗದಗಳ ಪಟ್ಟಿ ಮಾಡುವ ಯಾರೂ ಸಾಮಾನ್ಯವಾಗಿ ಸೇರಿಸದ ಒಂದನ್ನು ನಾನು ಸೇರಿಸುತ್ತೇನೆ, ವೈದ್ಯರ ಚೀಟಿ. ಪರಿಹಾರ ಕೇಂದ್ರದಲ್ಲಿ ಆ ವಾರ ನಾನು ಕಂಡ ದೊಡ್ಡ ಗಾಬರಿ ಮುದುಕರದ್ದು. “ಬಿಪಿ ಗುಳಿಗಿರೀ, ಸಣ್ಣದು, ಬೆಳ್ಳಗ ಇರತೈತಿ” ಅನ್ನುತ್ತಿದ್ದರು. ಬೆಳ್ಳಗಿನ ಸಣ್ಣ ಗುಳಿಗೆ ಸಾವಿರ ಇವೆ. ಗುಳಿಗೆಯ ಖಾಲಿ ಪಟ್ಟಿಯನ್ನಾದರೂ ಕತ್ತರಿಸಿ ಆ ಹಾಳೆಗೆ ಅಂಟಿಸಿಡಿ. ಬಸುರಿಯ ತಾಯಿ ಕಾರ್ಡು, ಕೂಸಿನ ಚುಚ್ಚುಮದ್ದಿನ ಕಾರ್ಡು ಅದರ ಜೊತೆಗಿರಲಿ.

ಇಡುವುದು ಹೇಗೆಂದರೆ, ದೊಡ್ಡ ಖರ್ಚಿನ ಕೆಲಸವೇನಲ್ಲ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ ಎರಡು, ಒಂದರೊಳಗೊಂದು. ಮೂಲ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ಅಂಚಿನಲ್ಲಿ ನೀರು ಹೊಕ್ಕರೆ ಒಳಗೇ ಕೊಳೆಯುತ್ತದೆ, ಬಿಚ್ಚಿ ಒಣಗಿಸಲೂ ಬರುವುದಿಲ್ಲ. ಚೀಲ ಟ್ರಂಕಿನ ತಳದಲ್ಲಿ ಬೇಡ, ನೆಲಕ್ಕೆ ತಾಗಿದ ಕಪಾಟಿನಲ್ಲೂ ಬೇಡ. ಕೈಗೆಟಕುವ ಎತ್ತರದಲ್ಲಿ, ಹೊರಬೀಳುವ ಬಾಗಿಲಿಗೆ ಹತ್ತಿರ ಇರಲಿ. ಜೆರಾಕ್ಸಿನ ಒಂದು ಕಂತೆ ಬೇರೆ ಊರಿನ ನಂಬಿಕಸ್ತ ನೆಂಟರ ಮನೆಯಲ್ಲಿರಲಿ. ಅದೇ ಹೊಳೆಯ ಇನ್ನೊಂದು ದಂಡೆಯ ಊರಾದರೆ ಉಪಯೋಗವಿಲ್ಲ, ಎರಡೂ ಒಂದೇ ರಾತ್ರಿ ಮುಳುಗುತ್ತವೆ.

ಮೊಬೈಲಿನಲ್ಲಿ ಫೋಟೋ ಇದೆ ಅನ್ನುವವರಿದ್ದಾರೆ. ಇರಲಿ, ಒಳ್ಳೆಯದು. 2015ರಿಂದ ಡಿಜಿಲಾಕರ್ ಇದೆ. ಇಲಾಖೆಗಳೇ ನೇರವಾಗಿ ಅಲ್ಲಿಗೆ ಕಳಿಸಿದ ದಾಖಲೆಗೆ ಮೂಲ ಪ್ರತಿಯಷ್ಟೇ ಬೆಲೆಯಿದೆ. ಆದರೆ ಅದು ತೆರೆಯುವುದು ಒಟಿಪಿಯಿಂದ. ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ನಂಬರಿಗೆ. ನಿಮ್ಮ ಅವ್ವನ ಆಧಾರಿಗೆ ಯಾರ ನಂಬರು ಜೋಡಿಸಿದೆ, ಗೊತ್ತೇ? ಎಷ್ಟೋ ವರ್ಷದ ಹಿಂದೆ ಕ್ಯಾಂಪಿನಲ್ಲಿ ಆಧಾರ್ ಮಾಡಿಸುವಾಗ ಜೊತೆಗಿದ್ದ ಯಾವುದೋ ಹುಡುಗನ ನಂಬರು ಕೊಟ್ಟ ಮುದುಕಿಯರು ಊರು ತುಂಬ ಇದ್ದಾರೆ. ಬಹಳ ದಿನ ರೀಚಾರ್ಜ್ ಮಾಡದ ನಂಬರನ್ನು ಕಂಪನಿ ಬೇರೆಯವರಿಗೆ ಕೊಟ್ಟುಬಿಡುತ್ತದೆ. ಇನ್ನು ಜೀವಮಾನವಿಡೀ ಕಳೆ ಕಿತ್ತ ಕೈಗಳ ಬೆರಳಗುರುತು ಸವೆದು ಯಂತ್ರಕ್ಕೆ ಹತ್ತುವುದಿಲ್ಲ. ಹಾಗಾಗಿ ಆ ನಂಬರನ್ನು ಸರಿಮಾಡಿಸುವುದು ಬಿಸಿಲಿದ್ದಾಗಲೇ ಆಗಬೇಕಾದ ಕೆಲಸ. ಆಧಾರ್ ಕೇಂದ್ರಕ್ಕೆ ಒಂದು ದಿನ ಕರೆದುಕೊಂಡು ಹೋಗಿ. ನಿಮ್ಮ ಒಂದು ದಿನದ ರಜೆ ಹೋಗುತ್ತದೆ, ಅಷ್ಟೆ.

ಬಿಸಿಲಿದ್ದಾಗಲೇ ಎಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ನೀರು ಏರುತ್ತಿರುವಾಗ ಕಾಗದಕ್ಕಾಗಿ ಮನೆಯೊಳಗೆ ಮರಳಿ ಹೊರಟವರನ್ನು ನಾನು ಕಂಡಿದ್ದೇನೆ. ಸೊಂಟಮಟ ನೀರಿನಲ್ಲಿ ಒಬ್ಬ ಮುದುಕನನ್ನು ಮೂವರು ಹಿಡಿದು ಎಳೆದುಕೊಂಡು ಬಂದರು. “ನನ್ನ ಹಕ್ಕುಪತ್ರ, ನನ್ನ ಹಕ್ಕುಪತ್ರ” ಎಂದು ಆತ ಮಗುವಿನ ಹಾಗೆ ಅಳುತ್ತಿದ್ದ. ನೀರು ಬಂದ ಮೇಲೆ ಯಾವ ಕಾಗದಕ್ಕೂ ಹಿಂದೆ ಹೋಗಬಾರದು. ಜೀವ ಮೊದಲು, ದನಕರು ಆಮೇಲೆ. ಕಾಗದದ ಯೋಚನೆ ಆ ಹೊತ್ತಿಗೆ ಮನಸ್ಸಿನಲ್ಲೇ ಇರಬಾರದು. ಹಾಗೆ ಇರಬಾರದೆಂದರೆ ಬೇಸಿಗೆಯಲ್ಲೇ ಅದರ ವ್ಯವಸ್ಥೆ ಆಗಿರಬೇಕು.

ಒದ್ದೆಯಾಗಿಯೇ ಹೋಯಿತು ಅನ್ನಿ. ಆಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅಂಟಿದ ಹಾಳೆಗಳನ್ನು ಅವಸರದಿಂದ ಉಗುರು ಹಾಕಿ ಬಿಡಿಸಿದೆ, ಸುಡುಬಿಸಿಲಿಗೂ ಇಟ್ಟೆ. ಎರಡು ಕಡೆ ಅಕ್ಷರವಿದ್ದ ಪದರವೇ ಎದ್ದು ಬಂತು. ಮೇಲಿನ ರಾಡಿಯನ್ನು ತಣ್ಣೀರಲ್ಲಿ ಮೆಲ್ಲಗೆ ಬಿಡಿಸಿ, ಉಜ್ಜದೆ, ನೆರಳಿನಲ್ಲಿ ಗಾಳಿಗೆ ಇಡಬೇಕು. ನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಅದು ನೀರು ಹೀರಿದ ಹಾಗೆ ಬದಲಾಯಿಸುತ್ತ ಹೋಗಬೇಕು. ಹಾಳೆಗಳು ತಾವಾಗಿಯೇ ಸಡಿಲಾಗುವ ತನಕ ತಾಳ್ಮೆ ಬೇಕು.

ಇನ್ನು ಪಟ್ಟಣದ ಓದುಗರಿಗೆ ನೇರವಾಗಿ ಒಂದು ಮಾತು. ನಿಮ್ಮ ಮನೆಯ ಪಾತ್ರೆ ತೊಳೆಯುವ ಅಕ್ಕ, ನಿಮ್ಮ ಅಪಾರ್ಟ್‌ಮೆಂಟಿನ ಗೇಟು ಕಾಯುವ ಅಣ್ಣ, ಎದುರಿನ ಕಟ್ಟಡದಲ್ಲಿ ಸಿಮೆಂಟು ಹೊರುವ ಯಾದಗಿರಿ, ರಾಯಚೂರಿನ ಕಡೆಯವರು ಎಲ್ಲಿರುತ್ತಾರೆ? ನೀಲಿ ಟಾರ್ಪಾಲಿನ್ ಹೊದಿಸಿದ ಶೆಡ್ಡುಗಳಲ್ಲಿ, ರಾಜಕಾಲುವೆಯ ಮಗ್ಗುಲಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರಿನ ಕಡೆ ನೀರು ತುಂಬಿದಾಗ ಟಿವಿಯಲ್ಲಿ ನಾವು ಕಂಡದ್ದು ಬಂಗಲೆಗಳ ಮುಂದೆ ತೇಲುವ ಕಾರುಗಳನ್ನು. ಶೆಡ್ಡಿನ ಸೂರಿಗೆ ನೇತುಹಾಕಿದ ಕ್ಯಾರಿಬ್ಯಾಗನ್ನು ಯಾರೂ ತೋರಿಸಲಿಲ್ಲ. ಆ ಚೀಲದಲ್ಲಿ ಊರಿನ ರೇಷನ್ ಕಾರ್ಡು, ಮಗಳ ಟಿಸಿ, ಜಾತಿ ಪ್ರಮಾಣಪತ್ರ ಇರುತ್ತವೆ. ನೀರಷ್ಟೇ ಅಲ್ಲ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಹತ್ತು ನಿಮಿಷದಲ್ಲಿ ಸಾಲುಸಾಲು ಶೆಡ್ಡು ಬೂದಿ.

ನಿಮ್ಮ ಮನೆಯಲ್ಲಿ ಪ್ರಿಂಟರಿದೆ, ಕೈಯಲ್ಲಿ ಒಳ್ಳೆಯ ಮೊಬೈಲಿದೆ. “ಅಕ್ಕಾ, ನಾಳೆ ಬರುವಾಗ ಕಾಗದಗಳನ್ನು ತನ್ನಿ, ಜೆರಾಕ್ಸ್ ಮಾಡಿಕೊಡ್ತೀನಿ” ಅನ್ನಿ. ಅವರ ಎದುರಿಗೇ ಕೂತು, ಪ್ರತಿಯೊಂದೂ ಏನೆಂದು ಓದಿ ಹೇಳಿ, ಪ್ರತಿ ತೆಗೆದು, ಒಂದು ಒಳ್ಳೆಯ ಚೀಲದಲ್ಲಿ ಹಾಕಿ ಅವರ ಕೈಗೇ ಕೊಡಿ. ಮೂಲ ಪ್ರತಿಯನ್ನು ‘ಭದ್ರವಾಗಿರಲಿ’ ಎಂದು ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಕಾಗದ ಯಾರ ಕೈಲಿದೆಯೋ ಅವರ ಕೈಲಿ ಅಧಿಕಾರವೂ ಇರುತ್ತದೆ. ಅವರ ಆಧಾರಿನ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ಆ ಕಂಪ್ಯೂಟರಿನಿಂದ ಅಳಿಸಿದ್ದಾರೆಯೇ ನೋಡಿಕೊಂಡೇ ಹೊರಡಿ.

ಕಚೇರಿಗಳಲ್ಲಿ ಕುಳಿತಿರುವ ಬಂಧುಗಳೇ, ನಿಮ್ಮನ್ನೂ ಕೈಮುಗಿದು ಕೇಳುತ್ತೇನೆ. ಮನೆ ಬಿದ್ದು ಮೂರು ದಿನವಾದವಳನ್ನು ಮೂಲ ಪ್ರತಿ ತಾ ಎಂದು ತಿರುಗಿಸಿ ಕಳಿಸಬೇಡಿ. ಅವಳ ಪಹಣಿ ನಿಮ್ಮ ಕಂಪ್ಯೂಟರಿನಲ್ಲಿದೆ, ರೇಷನ್ ಕಾರ್ಡು ನಿಮ್ಮದೇ ಇಲಾಖೆಯದ್ದು, ಜಾತಿ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ನಿಮ್ಮವರೇ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣುಪಾಲಾದ ಮೇಲೆ ಕೇರಳ ಸರ್ಕಾರ ವಿಶೇಷ ಶಿಬಿರ ನಡೆಸಿ ಕಳೆದುಹೋದ ದಾಖಲೆಗಳನ್ನು ಮತ್ತೆ ಕೊಟ್ಟಿತು. ಜನ ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು ಕಚೇರಿಗಳೇ ಜನರ ಬಳಿಗೆ ಬಂದವು. ಅದೇ ಯಂತ್ರ, ಅದೇ ಬಗೆಯ ನೌಕರರು ನಮ್ಮಲ್ಲೂ ಇದ್ದಾರೆ. ನಮ್ಮ ಗಂಜಿ ಕೇಂದ್ರಗಳಲ್ಲೂ ಅನ್ನದ ಹಂಡೆಯ ಪಕ್ಕದಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು ಮೊದಲ ವಾರವೇ ಬರಬೇಕು. ಇದನ್ನು ನಾವು ಉಪಕಾರವೆಂದು ಬೇಡುತ್ತಿಲ್ಲ.

ಪಂಚಾಯಿತಿ ಸದಸ್ಯರಿಗೆ, ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ಹೆಚ್ಚು ಹೇಳಬೇಕಾಗಿಲ್ಲ. ಯಾವ ಮನೆಯಲ್ಲಿ ಯಾವ ಕಾಗದ ಇಲ್ಲವೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನೀವು. ಸಂಘದ ವಾರದ ಸಭೆಯಲ್ಲಿ ಒಂದು ದಿನ ಹಣದ ಲೆಕ್ಕ ಮುಗಿದ ಮೇಲೆ ಪ್ರತಿಯೊಬ್ಬರೂ ಮನೆಯ ಕಾಗದ ತಂದು ಹರವಿ ಕೂರಲಿ. ವಾರಸಾ ಹಚ್ಚದ ಮನೆಗಳು ಎಷ್ಟು ಹೊರಬೀಳುತ್ತವೆ ನೋಡಿ.

ಓದು ಬಂದ ತಮ್ಮಂದಿರೇ, ತಂಗಿಯರೇ, ಊರು ಬಿಟ್ಟು ಬೆಂಗಳೂರಿಗೆ, ಪುಣೆಗೆ, ದುಬೈಗೆ ಹೋಗಿ ದುಡಿಯುತ್ತಿರುವವರೇ, ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಸೀರೆ ಒಯ್ಯುತ್ತೀರಿ. ಈ ಸಲ ಜಿಪ್ಪಿನ ಎರಡು ಚೀಲವನ್ನೂ ಒಯ್ಯಿರಿ. ಅಪ್ಪನ ಮುಂದೆ, ಅವ್ವನನ್ನೂ ಕೂರಿಸಿಕೊಂಡು ಟ್ರಂಕು ತೆರೆಯಿರಿ. ಅಪ್ಪನಿಗೆ ಸಿಟ್ಟು ಬರಬಹುದು. “ನಾನೇನ ಸಾಯಾಕ ಹತ್ತೇನೇನು?” ಅನ್ನಬಹುದು. ಅನ್ನಲಿ. ಆ ಒಂದು ಗಳಿಗೆಯ ಬಿರುಸನ್ನು ನೀವು ತಡೆದುಕೊಳ್ಳಿ. ನಾನು ತಡೆದುಕೊಳ್ಳಲಿಲ್ಲ.

ಚಿಗವ್ವನ ಮನೆ ಈಗ ಎದ್ದು ನಿಂತಿದೆ. ಉತಾರ ಅವಳ ಹೆಸರಿಗಾಗಿದೆ. ಬಾಗಿಲ ಬಲಕ್ಕೆ ಎತ್ತರದ ಗಿಳಿಗೂಟಕ್ಕೆ ಅವಳ ಚೀಲ ನೇತಾಡುತ್ತದೆ. ಅವಳಿಗೆ ಓದು ಬರುವುದಿಲ್ಲ. ಅದಕ್ಕೇ ಕಾಗದಗಳ ಮೂಲೆಗೆ ಬಣ್ಣದ ದಾರ ಪೋಣಿಸಿಕೊಟ್ಟಿದ್ದೇನೆ. ಹಸಿರು ದಾರ ಹೊಲದ್ದು, ಕೆಂಪು ಮನೆಯದ್ದು, ಹಳದಿ ಬ್ಯಾಂಕಿನದು, ಬಿಳಿ ಕಾಕಾನ ಮರಣ ಪ್ರಮಾಣಪತ್ರ. ಪ್ರತಿವರ್ಷ ಕಾರಹುಣ್ಣಿಮೆ ಮುಗಿದ ಮರುದಿನ, ಮಳೆ ಹಿಡಿಯುವ ಮೊದಲು, ಚೀಲ ಇಳಿಸಿ, ಹಾಸಿಗೆಯ ಮೇಲೆ ಹರವಿ, ದಾರ ಮುಟ್ಟಿ ಮುಟ್ಟಿ ಎಣಿಸುತ್ತಾಳೆ. ಯಾವುದು ಏನು, ಯಾವ ಕಚೇರಿಯದು, ಯಾರ ಹೆಸರಿನದು ಎಂದು ಬಾಯಿಬಿಟ್ಟು ಹೇಳುತ್ತಾಳೆ. ಒಂದೂ ತಪ್ಪುವುದಿಲ್ಲ.

ಮೊನ್ನೆ ಫೋನ್ ಮಾಡಿದ್ದಳು. “ತಮ್ಮಾ, ಕಡೀ ಮನಿ ಮುದುಕಿದು ಇನ್ನೂ ಆಗಿಲ್ಲೋ. ಆಕಿ ಮಗಾ ದೂರದ ಊರಾಗ ಅದಾನ. ಬರೂ ಐತವಾರ ಬಾ, ದಾರ ನಾ ತಂದಿಟ್ಟೇನಿ” ಅಂದಳು.

ಬೆಳಗಿನ ಆರೂವರೆಯ ಬಸ್ಸಿಗೆ ಹೊರಟಿದ್ದೇನೆ. ನಿಮ್ಮ ಊರಿನ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ?